ಮಳವಳ್ಳಿ ದಾಟಿ ಹೋದ ಕರೆಂಟು

ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಪಕ್ಕದ ಮಳವಳ್ಳಿಯನ್ನು ಬಿಟ್ಟು ಮೊದಲು ಕೋಲಾರಕ್ಕೆ ಹೋದದ್ದು ಯಾಕೆ? ಅಲ್ಲಿನ ಗಗನಚುಕ್ಕಿ ಜಲಪಾತ ನೋಡಲು ಬಂದ ಮಕ್ಕಳು ಹೀಗೆ ಕೇಳಿದರೆ, ‘ಬ್ರಿಟಿಷರ ಕಾಲ ಕಣಪ್ಪಾ’ ಎಂದು ಬಾಯಿ ಮುಚ್ಚಿಸಬಾರದು. ಅದು ಬೆನ್ನುಹತ್ತಿ ಹೋಗಬೇಕಾದ ಪ್ರಶ್ನೆ.

1902ರ ಜೂನ್‌ನಲ್ಲಿ ಇಲ್ಲಿಂದ ಹೊರಟ ವಿದ್ಯುತ್ ಸುಮಾರು 147 ಕಿಲೋಮೀಟರ್ ಸಾಗಿ ಕೋಲಾರದ ಚಿನ್ನದ ಗಣಿ ಮುಟ್ಟಿತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ. ಜಲಪಾತಕ್ಕೆ ಯಂತ್ರ ಕೂರಿಸಲು ಮೈಸೂರು ಸಂಸ್ಥಾನ ದೊಡ್ಡ ಮೊತ್ತ ಹೂಡಬೇಕಿತ್ತು. ಆ ಹಣ ಹುಟ್ಟಬೇಕಾದರೆ ಹಗಲಿರುಳೂ ಕರೆಂಟು ಕೊಳ್ಳುವ ಗಿರಾಕಿ ಬೇಕು. ಉಗಿಯಂತ್ರಗಳನ್ನು ನೆಚ್ಚಿಕೊಂಡಿದ್ದ ಗಣಿ ಕಂಪನಿಗಳು 4,000 ಅಶ್ವಶಕ್ತಿ ಕೊಳ್ಳಲು ಒಪ್ಪಿದವು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಯೋಜನೆ ನಿಂತದ್ದೇ ಆ ಒಪ್ಪಂದದ ಮೇಲೆ. ದುಡ್ಡು ಕೊಡುವವನ ಮನೆಗೆ ಮೊದಲು ಬೆಳಕು ಎಂಬುದು ಅಂದಿನ ಲೆಕ್ಕ. ಹಳ್ಳಿಯವರ ದೃಷ್ಟಿಯಲ್ಲಿ ಅದು ನ್ಯಾಯವಲ್ಲ. ಆದರೆ ಕಾರಣ ಅದೇ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಶಿವನಸಮುದ್ರದ ಯಂತ್ರಗಳೂ ಸೊರಗುತ್ತಿದ್ದವು. ಗಣಿಗೆ ಕೊಟ್ಟ ಮಾತು ಉಳಿಯಬೇಕಾದರೆ ಮಳೆಗಾಲದ ನೀರನ್ನು ಮೇಲೆಯೇ ತಡೆದು ವರ್ಷವಿಡೀ ಹರಿಸಬೇಕು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಲು ಈ ಒತ್ತಡವೂ ಒಂದು ಕಾರಣ. ಮುಖ್ಯ ಎಂಜಿನಿಯರ್ ವಿಶ್ವೇಶ್ವರಯ್ಯನವರ ಯೋಜನೆಯಲ್ಲಿ ವಿದ್ಯುತ್ತಿನ ಜೊತೆ ನೀರಾವರಿಯೂ ಇತ್ತು. ಹೀಗೆ ನಿಂತ ನೀರು 1930ರ ದಶಕದಲ್ಲಿ ಇರ್ವಿನ್ ನಾಲೆಯಲ್ಲಿ, ಅಂದರೆ ಇಂದಿನ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯಲ್ಲಿ, ಮಂಡ್ಯ ಸೀಮೆಗೆ ಹರಿದು ಬಂತು. ರಾಗಿ ಹೊಲಗಳು ಗದ್ದೆಗಳಾದವು, ಕಬ್ಬು ಬೆಳೆಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು, 1939ರಲ್ಲಿ ಮಂಡ್ಯವೇ ಜಿಲ್ಲೆಯಾಯಿತು.

ಕೋಲಾರದ ಚಿನ್ನಕ್ಕೂ ಮದ್ದೂರಿನ ಕಬ್ಬಿಗೂ ಇರುವ ಈ ನಂಟನ್ನು ನಮ್ಮ ಮಕ್ಕಳಿಗೆ ಹೇಳಿಕೊಡಬೇಕು. ಅದರ ಜೊತೆಗೇ, ಕನ್ನಂಬಾಡಿಯ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಜನ ತಮ್ಮ ಹೊಲಮನೆ ಬಿಟ್ಟು ಎದ್ದುಹೋದದ್ದನ್ನೂ ಹೇಳಬೇಕು. ನಮ್ಮ ಹಸಿರಿನ ಬೆಲೆಯನ್ನು ತೆತ್ತವರು ಅವರು.

ಚರಿತ್ರೆಯ ಒಗಟು ಬಿಡಿಸುವುದೆಂದರೆ ಯಾರಿಗೆ ಮೊದಲು ಸಿಕ್ಕಿತು, ಯಾರು ಕಳೆದುಕೊಂಡರು, ಯಾರು ಕಾದರು ಎಂದು ಕೊನೆಯವರೆಗೂ ಕೇಳುವುದು. ಇಂದಿಗೂ ನಾಲೆಯ ಕೊನೆ ಭಾಗದ ಮದ್ದೂರು, ಮಳವಳ್ಳಿಯ ರೈತರು ನೀರಿಗಾಗಿ ಕಾಯುತ್ತಾರೆ. 1902ರ ಬಗ್ಗೆ ಕೇಳುವ ಹುಡುಗ ಈ ವರ್ಷದ ನೀರಿನ ಪಾಳಿಯ ಬಗ್ಗೆಯೂ ಕೇಳಲಿ. ಉತ್ತರ ಕೊಡುವ ಹೊಣೆ ದೊಡ್ಡವರದು.