ಶಿಕಾರಿಯೂ ವನ್ಯರಕ್ಷಣೆಯೂ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಕಳೆದ ಸಂಚಿಕೆಯ ಲೇಖನವೊಂದರಲ್ಲಿ, ಅರಸರ ಕಾಲದ ಶಿಕಾರಿಯೇ ನಮ್ಮ ಅರಣ್ಯಗಳನ್ನು ಉಳಿಸಿತೆಂದೂ, ಆದುದರಿಂದ ಭಾರಿ ಶುಲ್ಕ ವಿಧಿಸಿ ಮೃಗಯಾವಿನೋದಕ್ಕೆ ಪುನಃ ಪರವಾನಗಿ ಕೊಡುವುದು ವನ್ಯಮೃಗಗಳಿಗೇ ಶ್ರೇಯಸ್ಕರವೆಂದೂ ಪ್ರತಿಪಾದಿಸಲಾಗಿದೆ. ಲೇಖಕರ ಶೈಲಿ ಮನೋಹರವಾಗಿದೆ. ವಾದ ಮಾತ್ರ ಅರ್ಧಸತ್ಯ.

ಬಂಡೀಪುರವು ಮೈಸೂರು ಅರಸರ ಬೇಟೆಯ ಕಾಡಾಗಿದ್ದಿತೆಂಬುದೂ, ರಾಜಸ್ಥಾನದ ಭರತಪುರದ ಕೇವಲಾದೇವ ಸರೋವರವನ್ನು ಅಲ್ಲಿನ ರಾಜರು ಬಾತುಗಳ ಬೇಟೆಗೆಂದೇ ರೂಪಿಸಿದರೆಂಬುದೂ, ಹಾಗೆ ಕಾಯ್ದಿರಿಸದಿದ್ದರೆ ಇಂಥ ನೆಲೆಗಳಲ್ಲಿ ಅನೇಕವು ಎಂದೋ ಹೊಲಗದ್ದೆಗಳಾಗಿರುತ್ತಿದ್ದುವೆಂಬುದೂ ನನಗೆ ಒಪ್ಪಿಗೆಯೇ. ಆದರೆ ಆ ಭರತಪುರದಲ್ಲಿಯೇ ನಿಂತಿರುವ ಶಿಲಾಫಲಕದಲ್ಲಿ, ಬೇಟೆಯ ದಿನ, ಅತಿಥಿಯ ನಾಮಧೇಯ, ಕೋವಿಗಳ ಸಂಖ್ಯೆ, ಬಿದ್ದ ಹಕ್ಕಿಗಳ ಸಂಖ್ಯೆ ಇವೆಲ್ಲ ಅಂಗಡಿಯ ಲೆಕ್ಕದಂತೆ ಸಾಲುಸಾಲಾಗಿ ಕೊರೆಯಲ್ಪಟ್ಟಿರುವುದನ್ನು ಲೇಖಕರು ಏಕೆ ಮರೆತರೋ ತಿಳಿಯದು. 1938ರ ನವೆಂಬರ್ 12ರಂದು, ವೈಸರಾಯ್ ಲಿನ್‌ಲಿತ್‌ಗೋ ಅವರು ದಯಮಾಡಿಸಿದ್ದ ಆ ಒಂದೇ ದಿನ, ಸತ್ತ ಹಕ್ಕಿಗಳು 4,273. ಯಾರಿಂದ ಯಾರನ್ನು ರಕ್ಷಿಸಿದ ಲೆಕ್ಕವಿದು?

ಶಿಕಾರಿಯು ಕಾದದ್ದು ಕಾಡನ್ನಲ್ಲ, ತನ್ನ ಮಿಗವನ್ನು. ಜಿಂಕೆ ಕಡವೆಗಳನ್ನು ತಮಗಿಂತ ಮೊದಲು ತಿಂದುಹಾಕುತ್ತದೆಂಬ ಮತ್ಸರದಿಂದ ಸೀಳುನಾಯಿಯನ್ನು ಹೇಯಪ್ರಾಣಿಯೆಂದು ಸಾರಿ, ಅದರ ತಲೆಗೆ ಇನಾಮು ಕಟ್ಟಿ, ದೇಶಾದ್ಯಂತ ಕೊಲ್ಲಿಸಿದವರಲ್ಲಿ ಈ ಅರಣ್ಯಪ್ರೇಮಿಗಳೇ ಮುಂದಾಗಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬರುವವರೆಗೂ ಆ ಇನಾಮಿನ ಪದ್ಧತಿ ಅಳಿಯಲಿಲ್ಲ. ಚೀತಾದ ಗತಿಯಂತೂ ಎಲ್ಲರಿಗೂ ತಿಳಿದದ್ದೇ: 1947ರಲ್ಲಿ, ಈಗಿನ ಛತ್ತೀಸ್‌ಗಢದಲ್ಲಿದ್ದ ಕೊರಿಯಾ ಸಂಸ್ಥಾನದ ಮಹಾರಾಜರು ಹೊಡೆದ ಮೂರು ಪ್ರಾಣಿಗಳೇ ಈ ದೇಶದ ಕೊನೆಯ ಚೀತಾಗಳೆಂದು ಬಹುಮಟ್ಟಿಗೆ ಗಣಿಸಲ್ಪಟ್ಟಿವೆ, 1952ರಲ್ಲಿ ಸರ್ಕಾರವೇ ಆ ಕುಲ ಅಳಿಯಿತೆಂದು ಘೋಷಿಸಿತು. ನಮ್ಮ ಮೈಸೂರಿನಲ್ಲಿಯೇ ವ್ಯಾನ್ ಇಂಗೆನ್ ಅವರ ಕಾರ್ಖಾನೆಯಲ್ಲಿ ಹುಲಿ ಚಿರತೆಗಳ ಚರ್ಮವನ್ನು ಹದಮಾಡಿ, ಅಚ್ಚಿನಲ್ಲಿ ಮಾಡಿದ ಬೊಂಬೆಗೆ ಹೊದಿಸಿ, ಗಾಜಿನ ಕಣ್ಣಿಟ್ಟು, ಜೀವಂತವೋ ಎಂಬಂತೆ ನಿಲ್ಲಿಸಿ ಊರೂರ ಅರಮನೆಗಳಿಗೆ ಕಳುಹುತ್ತಿದ್ದ ಕೌಶಲವನ್ನು ಹೊಗಳುವವರು ಇಂದಿಗೂ ಉಂಟು. ಕೌಶಲ ನಿಜ, ಅಷ್ಟೊಂದು ಚರ್ಮಗಳು ಬಂದ ಕಾಡುಗಳಲ್ಲಿ 1972ರ ಗಣತಿಯ ವೇಳೆಗೆ ದೇಶಕ್ಕೆಲ್ಲ ಸೇರಿ 1,827 ಹುಲಿಗಳಷ್ಟೇ ಉಳಿದಿದ್ದುವೆಂಬುದೂ ಅಷ್ಟೇ ನಿಜ.

ಇನ್ನು ಶಿಕಾರಿಯ ಶೌರ್ಯದ ಮಾತು. ಹಳು ಸೋವುವವರು ತಮಟೆ ಬಡಿದು ಬೊಬ್ಬಿಟ್ಟು ಮೃಗವನ್ನು ಅಟ್ಟಿಕೊಂಡು ಬರುವರು. ಅತಿಥಿಯು ಅಟ್ಟಣೆಯ ಮೇಲೆ ಕುಳಿತು ಈಡು ಹಾರಿಸುವನು. ಗುರಿ ತಪ್ಪಿ ಗಾಯಗೊಂಡ ಹುಲಿಯು ಲಂಟಾನದ ಮೆಳೆಯೊಳಗೆ ಹೊಕ್ಕರೆ, ರಕ್ತದ ಜಾಡು ಹಿಡಿದು ಮುಂದಾಗಿ ನಡೆಯಬೇಕಾದವನು ಅನೇಕ ವೇಳೆ ದಿನಗೂಲಿಯ ಹಳ್ಳಿಗ. ಫೋಟೋದಲ್ಲಿ ಸತ್ತ ಹುಲಿಯ ಮೇಲೆ ಕಾಲಿಟ್ಟು ನಿಲ್ಲುವವನು ಮಾತ್ರ ಅವನಲ್ಲ.

ಶುಲ್ಕದ ಹಣದಿಂದ ಅರಣ್ಯವೂ ಗ್ರಾಮವೂ ಉದ್ಧಾರವಾಗುವುವೆಂಬುದಕ್ಕೆ ಆಫ್ರಿಕದ ನಿದರ್ಶನ ಕೊಟ್ಟಿದ್ದಾರೆ. ನಮೀಬಿಯದ ಕೆಲವು ಗ್ರಾಮಸಂಘಗಳಿಗೆ ಅದರಿಂದ ಆದಾಯವುಂಟೆಂಬುದನ್ನು ಅಲ್ಲಗಳೆಯಲಾರೆ. ಆದರೆ ಹಣ ತೆತ್ತವನು ಬಯಸುವುದು ಮುದಿಯಾದ ಬಡಕಲು ಪ್ರಾಣಿಯನ್ನಲ್ಲ. ಉದ್ದನೆಯ ಕೊಂಬು, ದಟ್ಟವಾದ ಕೇಸರ ಉಳ್ಳದ್ದನ್ನೇ. ಕೆನಡದ ಆಲ್ಬರ್ಟಾ ಪ್ರಾಂತದ ರ‍್ಯಾಮ್ ಪರ್ವತದಲ್ಲಿ ದಪ್ಪಕೊಂಬಿನ ಕಾಡುಕುರಿಗಳನ್ನು ಸುಮಾರು 30 ವರ್ಷ ಪರಿಶೀಲಿಸಿದ ವಿಜ್ಞಾನಿಗಳು, ದೊಡ್ಡ ಕೊಂಬಿನ ಟಗರುಗಳನ್ನೇ ಆರಿಸಿ ಹೊಡೆಯುತ್ತ ಬಂದುದರಿಂದ ತಲೆಮಾರಿನಿಂದ ತಲೆಮಾರಿಗೆ ಕೊಂಬೂ ಮೈತೂಕವೂ ಕುಗ್ಗುತ್ತಿರುವುದನ್ನು 2003ರಲ್ಲಿ ಪ್ರಕಟಿಸಿದರು. ಪ್ರಾಯದ ಗಂಡುಸಿಂಹವನ್ನು ಕೊಂದರಂತೂ, ಅದರ ಸ್ಥಾನಕ್ಕೆ ಬರುವ ಹೊಸ ಗಂಡು ಹಳೆಯದರ ಮರಿಗಳನ್ನು ಸಾಮಾನ್ಯವಾಗಿ ಉಳಿಸುವುದಿಲ್ಲ. ಪರವಾನಗಿಯ ಚೀಟಿಯಲ್ಲಿ ಆ ಮರಿಗಳ ಲೆಕ್ಕ ಬರುವುದಿಲ್ಲ.

ಕಾಡುಹಂದಿಯಿಂದ ಬೆಳೆ ಕಳೆದುಕೊಂಡ ರೈತನನ್ನು ಲೇಖಕರು ತಮ್ಮ ಪಕ್ಷಕ್ಕೆ ಎಳೆದುಕೊಂಡಿರುವುದು ನನಗೆ ಅತ್ಯಂತ ಅಸಮಂಜಸವೆನಿಸಿತು. ಅವನ ಸಂಕಟ ನೈಜವಾದುದು, ಅದಕ್ಕೆ ಕಾಯಿದೆಯಲ್ಲಿ ಈಗಾಗಲೇ ದಾರಿಯಿದೆ: ಉಪಟಳ ಕೊಡುವ ಪ್ರಾಣಿಯನ್ನು ಕೊಲ್ಲಲು ಅಧಿಕಾರಿಗಳು ಅಪ್ಪಣೆ ಕೊಡಬಹುದು. ಆ ಅಪ್ಪಣೆಯೂ ಬೆಳೆನಷ್ಟದ ಪರಿಹಾರವೂ ಕಛೇರಿಯ ಮೇಜಿನ ಮೇಲೆ ಮಲಗದೆ ಸಕಾಲದಲ್ಲಿ ಅವನ ಕೈಸೇರುವಂತೆ ಒತ್ತಾಯಿಸಿ ಲೇಖಕರು ಮತ್ತೊಂದು ಲೇಖನ ಬರೆಯುವುದಾದರೆ, ಅದಕ್ಕೆ ನನ್ನ ಸಂಪೂರ್ಣ ಸಮ್ಮತಿಯುಂಟು.

ಇತಿ ತಮ್ಮ ವಿಶ್ವಾಸಿ,
ಓರ್ವ ವಾಚಕ, ಮೈಸೂರು