ಖಾಲಿ ಪೆಟ್ಟಿಗೆಯ ತೂಕ

ಬೇಸಿಗೆ ರಜೆ ಮುಗಿದು ಶಾಲೆ ಆರಂಭವಾದ ಹೊಸತು. ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಯಿಂದ ಸೊಪ್ಪಿನ ಚೀಲ ಹಿಡಿದು ಕೋರಮಂಡಲ್ ಕಡೆ ಹೊರಟಿದ್ದೆ. ಹಳೆಯ ಪರಿಚಯದವರೊಬ್ಬರು ಸಿಕ್ಕಿ ಟೀ ಕುಡಿಯಲು ಎಳೆದುಕೊಂಡು ಹೋದರು. ಅವರ ಮಗ ಹತ್ತನೆಯ ತರಗತಿ. ಮಾತು ಸಹಜವಾಗಿ ಅವನ ಕಡೆಗೆ ತಿರುಗಿತು.

"ಓದೋದು ಅಷ್ಟಕ್ಕಷ್ಟೇ ಮೇಷ್ಟ್ರೇ. ಆದ್ರೆ ತಲೆ ಮಾತ್ರ ಭಾರಿ ಚುರುಕು" ಎಂದು ಶುರು ಮಾಡಿದರು. ಹುಡುಗ ಆನ್‌ಲೈನಿನಲ್ಲಿ 1,299 ರೂಪಾಯಿಯ ಇಯರ್‌ಫೋನ್ ತರಿಸಿದ್ದ. ಬಂತು. ಮಾರನೆಯ ದಿನ 'ಪೆಟ್ಟಿಗೆ ಖಾಲಿ ಇತ್ತು' ಎಂದು ಮೊಬೈಲಿನಲ್ಲೇ ದೂರು ಕೊಟ್ಟ. ಮೂರು ದಿನದಲ್ಲಿ ಹಣ ವಾಪಸು. "ಸಾಮಾನೂ ಉಳೀತು, ದುಡ್ಡೂ ಬಂತು. ಅಷ್ಟು ದೊಡ್ಡ ಕಂಪನಿಗೆ ಇದೆಲ್ಲ ಯಾವ ಲೆಕ್ಕ ಹೇಳಿ?"

ನಾನು ನಕ್ಕೆ. ಟೀ ಕೊಡಿಸಿದವರ ಮುಂದೆ ಮುಖ ಗಂಟಿಕ್ಕುವುದು ಹೇಗೆ ಎಂಬ ಸಂಕೋಚವೋ ಏನೋ, ನಕ್ಕುಬಿಟ್ಟೆ. ಮೂವತ್ತು ವರ್ಷಗಳಿಂದ ಮಕ್ಕಳಿಗೆ ಪಾಠ ಹೇಳುತ್ತಿರುವ ನನಗೆ ಆ ನಗು ಇನ್ನೂ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಅದೇ ವಾರ ಬಂಗಾರಪೇಟೆಯಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಮನೆಯ ಮುಂದಿನ ಕೋಣೆಯಲ್ಲೇ ಕೈಗಡಿಯಾರಗಳನ್ನು ಇಟ್ಟುಕೊಂಡು ಆನ್‌ಲೈನಿನಲ್ಲಿ ಮಾರುತ್ತಾಳೆ. (ಆ ಇಯರ್‌ಫೋನ್ ಇವಳದೇ ಇರಬೇಕು ಎಂದು ನೀವು ಊಹಿಸುತ್ತಿದ್ದರೆ, ಅಲ್ಲ. ಬದುಕು ಸಿನಿಮಾದಷ್ಟು ಅಚ್ಚುಕಟ್ಟಾಗಿರುವುದಿಲ್ಲ.) ಎರಡು ತಿಂಗಳಲ್ಲಿ ಮೂವರು ಗಿರಾಕಿಗಳು 'ಪೆಟ್ಟಿಗೆಯಲ್ಲಿ ಗಡಿಯಾರ ಇರಲಿಲ್ಲ' ಎಂದು ದೂರು ಕೊಟ್ಟಿದ್ದರು. "ನಾನೇ ಕೈಯಾರೆ ಇಟ್ಟು ಟೇಪ್ ಹಚ್ಚಿದ್ದೀನಿ ಸಾರ್. ಆದ್ರೆ ಅದನ್ನ ಹೇಗೆ ಸಾಬೀತು ಮಾಡ್ಲಿ?" ಎಂದಳು.

ಅವಳ ಲೆಕ್ಕ ಕೇಳಿ. ಗಡಿಯಾರದ ಮಾರಾಟ ಬೆಲೆ 850 ರೂಪಾಯಿ. ಕೊಂಡ ಬೆಲೆ 560. ಜಾಲತಾಣದ ಕಮಿಷನ್, ಕೊರಿಯರ್, ತೆರಿಗೆ, ರಟ್ಟು, ಟೇಪು ಎಲ್ಲ ಕಳೆದರೆ ಕೈಗೆ ಉಳಿಯುವುದು 90 ರೂಪಾಯಿ. ಗಿರಾಕಿಗೆ ಹಣ ವಾಪಸಾದಾಗ ಗಡಿಯಾರದ 560 ಹೋಯಿತು, ಮೇಲೆ ಸಾಗಣೆಯ ಖರ್ಚು ಬೇರೆ. ಆ ಒಂದು ಸುಳ್ಳಿನ ಗುಂಡಿ ಮುಚ್ಚಲು ಅವಳು ಇನ್ನೂ ಏಳು ಗಡಿಯಾರ ಮಾರಬೇಕು. 'ಅಷ್ಟು ದೊಡ್ಡ ಕಂಪನಿ' ಎಂದು ನಾವು ಭಾವಿಸುವ ಜಾಲತಾಣ ಬಹಳ ಸಲ ಬರೀ ಸಂತೆಯ ಮೈದಾನ. ಅಲ್ಲಿ ಗೋಣಿತಾಟು ಹಾಸಿ ಕುಳಿತಿರುವುದು ಇಂಥ ಸಾವಿರಾರು ಜನ.

ಮೇಷ್ಟರ ಬಳಿ ಬಂದವಳಿಗೆ ಮೇಷ್ಟರು ಏನು ಕೊಡಬಲ್ಲರು? ತಕ್ಕಡಿ. ವಸ್ತು ತಾನಾಗಿಯೇ ಇಲ್ಲವಾಗುವುದಿಲ್ಲ ಎಂಬುದನ್ನು ಎಂಟನೇ ತರಗತಿಯವರೂ ಬಲ್ಲರು. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಲವಾಸಿಯೇ ತಕ್ಕಡಿಯನ್ನು ನಂಬಿಯೇ ದ್ರವ್ಯರಾಶಿ ಸಂರಕ್ಷಣೆಯ ನಿಯಮವನ್ನು ತೋರಿಸಿಕೊಟ್ಟ. ಪೆಟ್ಟಿಗೆಯಿಂದ 60 ಗ್ರಾಂ ಗಡಿಯಾರ ಹೊರಬಿದ್ದಿದ್ದರೆ ಪೆಟ್ಟಿಗೆ 60 ಗ್ರಾಂ ಹಗುರವಾಗಿರಲೇಬೇಕು. ದಾರಿಯಲ್ಲಿ ಪ್ರತಿ ಗೋದಾಮಿನಲ್ಲೂ ತೂಕ ಹಾಕುತ್ತಾರಲ್ಲ, ಅದೇ ಸಾಕ್ಷಿ ಎಂದೆ.

ಅವಳು ಕೊರಿಯರ್ ಬಿಲ್ಲು ತೋರಿಸಿದಳು. ತೂಕ: 600 ಗ್ರಾಂ. ಮೂರೂ ಬಿಲ್ಲಿನಲ್ಲಿ ಅಷ್ಟೇ. ನನಗೆ ಆಶ್ಚರ್ಯ. 60 ಗ್ರಾಂ ಗಡಿಯಾರದ ಪೊಟ್ಟಣ 600 ಗ್ರಾಂ ತೂಗುವುದುಂಟೆ?

ಇಲ್ಲೊಂದು ಸ್ವಾರಸ್ಯವಿದೆ, ವಿದ್ಯಾರ್ಥಿಗಳು ಗಮನಿಸಬೇಕು. ವಿಮಾನದಲ್ಲೂ ಲಾರಿಯಲ್ಲೂ ಜಾಗಕ್ಕೆ ಬೆಲೆ. ಒಂದು ಮೂಟೆ ಹತ್ತಿ ಹಗುರವಾದರೂ ಜಾಗ ತಿನ್ನುತ್ತದೆ. ಆದ್ದರಿಂದ ಕೊರಿಯರಿನವರು ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸಿ, ಬಂದದ್ದನ್ನು ಕಿಲೊ ಎಂದು ಎಣಿಸುತ್ತಾರೆ. ನಿಜವಾದ ತೂಕ, ಈ ಗಾತ್ರದ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ. ಅವಳು ಅಗ್ಗವೆಂದು ಸಗಟಾಗಿ ಕೊಂಡ ರಟ್ಟಿನ ಪೆಟ್ಟಿಗೆ 20, 15, 10 ಸೆಂಟಿಮೀಟರಿನದು. ಗುಣಿಸಿದರೆ 3,000. ಭಾಗಿಸಿದರೆ 0.6 ಕಿಲೊ. ನಮ್ಮ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೆ ರಟ್ಟು 110 ಗ್ರಾಂ, ಗಡಿಯಾರದ ಡಬ್ಬಿ 90, ಗಡಿಯಾರ 60, ಒಟ್ಟು 260. ಗಡಿಯಾರ ಇಲ್ಲದಿದ್ದರೆ 200. ಬಿಲ್ಲು ಮಾತ್ರ ಎರಡು ಸಂದರ್ಭದಲ್ಲೂ 600 ಎಂದೇ ಹೇಳುತ್ತದೆ! ಅಂದರೆ ಅವಳು ಇಷ್ಟು ದಿನ ಸಾಕ್ಷಿಯ ಕಣ್ಣಿಗೆ ತಾನೇ ಬಟ್ಟೆ ಕಟ್ಟಿದ್ದಳು.

ಮೊದಲು ಪೆಟ್ಟಿಗೆ ಚಿಕ್ಕದು ಮಾಡಿಸಿದೆವು. 12, 10, 8 ಸೆಂಟಿಮೀಟರ್. ಗಾತ್ರದ ತೂಕ 192 ಗ್ರಾಂ, ನಿಜವಾದ ತೂಕ 195. ಎರಡೂ ಹೆಚ್ಚುಕಡಿಮೆ ಒಂದೇ. ಅರ್ಧ ಕಿಲೊ ಒಳಗೇ ಬಂದದ್ದರಿಂದ ಸಾಗಣೆಯ ಖರ್ಚೂ ಇಳಿಯಿತು. ಆಮೇಲೆ ಒಂದು ಗ್ರಾಂವರೆಗೆ ತೋರಿಸುವ ತಕ್ಕಡಿ ಕೊಂಡಳು. ಉಪಕರಣವೊಂದು ಅಳೆಯಬಲ್ಲ ಅತಿ ಚಿಕ್ಕ ಅಳತೆಗೆ ಲೀಸ್ಟ್ ಕೌಂಟ್ ಎನ್ನುತ್ತೇವಲ್ಲ, ವರ್ನಿಯರ್ ಪಾಠದಲ್ಲಿ ಬಾಯಿಪಾಠ ಮಾಡಿ ಮರೆಯುವ ಪದ, ಅದು ಇಲ್ಲಿ ಅನ್ನದ ಪ್ರಶ್ನೆ. ಹತ್ತು ಗ್ರಾಂ ಲೀಸ್ಟ್ ಕೌಂಟಿನ ತಕ್ಕಡಿಗೆ ಗಡಿಯಾರ ಕಾಣುತ್ತದೆ, ನಾಲ್ಕೈದು ಗ್ರಾಂ ತೂಗುವ ಒಂಟಿ ಇಯರ್‌ಬಡ್ ಕಾಣುವುದಿಲ್ಲ. ಮಳೆಗಾಲದಲ್ಲಿ ರಟ್ಟು ತೇವ ಹೀರಿ ತುಸು ಭಾರವಾಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಈಗ ಅವಳು ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಗಡಿಯಾರ ಇಡುವುದರಿಂದ ಹಿಡಿದು ವಿಳಾಸದ ಚೀಟಿ ಅಂಟಿಸಿ ತೂಗುವವರೆಗೆ ಒಂದೇ ಓಟದಲ್ಲಿ ಚಿತ್ರ ತೆಗೆಯುತ್ತಾಳೆ. ತೂಕವನ್ನು ಪೆಟ್ಟಿಗೆಯ ಮೇಲೆ ದಪ್ಪ ಪೆನ್ನಿನಲ್ಲಿ ಬರೆಯುತ್ತಾಳೆ.

ಫಲಿತಾಂಶ? ಹಳೆಯ ಮೂರರಲ್ಲಿ ಒಂದಕ್ಕೂ ಪರಿಹಾರ ಬರಲಿಲ್ಲ. ಹೊಸದಾಗಿ ಬಂದ ಒಂದು ದೂರಿನಲ್ಲಿ ವಿಡಿಯೊ, ತೂಕ ಎರಡನ್ನೂ ಕಳಿಸಿದ ಮೇಲೆ ಅರ್ಧ ಹಣ ಸಿಕ್ಕಿತು. ಇನ್ನರ್ಧ ಏಕಿಲ್ಲ ಎಂಬುದಕ್ಕೆ ಉತ್ತರವಿಲ್ಲ.

ತಕ್ಕಡಿಗೂ ಒಂದು ಮಿತಿ ಇದೆ ಎನ್ನಿ. ಕೊನೆಯ ಗೋದಾಮಿನವರೆಗೆ ಅದು ಸಾಕ್ಷಿ ಹೇಳುತ್ತದೆ. ಬಾಗಿಲು ದಾಟಿದ ಮೇಲೆ ತೂಗುವವರಿಲ್ಲ, ಸುಳ್ಳು ಹುಟ್ಟುವುದೂ ಅಲ್ಲೇ. ಆಗ ಅನುಮಾನ ಮೊದಲು ಬೀಳುವುದು ಬಿಸಿಲಲ್ಲಿ ಬೈಕಿನ ಮೇಲೆ ಚೀಲ ಹೊತ್ತು ಬರುವ ಹುಡುಗನ ಮೇಲೆ. ನಮ್ಮ ಕೆ.ಜಿ.ಎಫ್.ನಲ್ಲಿ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ಎಷ್ಟೋ ಮನೆಯ ಮಕ್ಕಳು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಮಾಡುವ ಕೆಲಸಗಳಲ್ಲಿ ಇದೂ ಒಂದು. ಬೇರೆಯವರ ಮಗನ 'ಚುರುಕುತನ'ಕ್ಕೆ ವಿವರಣೆ ಕೊಡಬೇಕಾದವನು ನಮ್ಮದೇ ಬೀದಿಯ ಹುಡುಗ ಇರಬಹುದು.

ಇದನ್ನು ದಂಧೆಯಾಗಿ ಮಾಡಿದವರೂ ಇದ್ದಾರೆ. 2017ರಲ್ಲಿ ದೆಹಲಿ ಪೊಲೀಸರು 21 ವರ್ಷದ ತರುಣನೊಬ್ಬನನ್ನು ಹಿಡಿದರು. ಹತ್ತಾರು ಸಿಮ್ ಕಾರ್ಡ್ ಬಳಸಿ ಅಮೆಜಾನಿನಿಂದ 166 ಮೊಬೈಲ್ ತರಿಸಿ, ಪ್ರತಿ ಸಲವೂ ಪೆಟ್ಟಿಗೆ ಖಾಲಿ ಎಂದು ಹೇಳಿ ಸುಮಾರು ಐವತ್ತು ಲಕ್ಷ ರೂಪಾಯಿ ಪಡೆದ ಎಂಬುದು ಆರೋಪ. ನಮ್ಮ ಮಂಗಳೂರಿನಲ್ಲೇ 2024ರಲ್ಲಿ ಇಬ್ಬರು ದುಬಾರಿ ಕ್ಯಾಮೆರಾಗಳ ಜೊತೆ ಬೇರೆ ಸಣ್ಣಪುಟ್ಟ ಸಾಮಾನು ತರಿಸಿದರು. ಒಬ್ಬ ಡೆಲಿವರಿಯವನನ್ನು ಮಾತಿಗೆಳೆದಿದ್ದಾಗ ಇನ್ನೊಬ್ಬ ಪೆಟ್ಟಿಗೆಗಳ ಚೀಟಿಗಳನ್ನೇ ಅದಲುಬದಲು ಮಾಡಿದ ಪ್ರಕರಣ ಅದು. ನಷ್ಟ ಹನ್ನೊಂದು ಲಕ್ಷಕ್ಕೂ ಮೇಲೆ. ಅವರು ಸಿಕ್ಕಿಬಿದ್ದರು. 1,299 ರೂಪಾಯಿಯವರು ಸಿಕ್ಕಿಬೀಳುವುದಿಲ್ಲ, ಅದೇ ತೊಂದರೆ.

ಹಾಗೆಂದು ಪ್ರತಿ ಖಾಲಿ ಪೆಟ್ಟಿಗೆಯ ದೂರೂ ಸುಳ್ಳಲ್ಲ. 2018ರಲ್ಲಿ ನಟಿ ಸೋನಾಕ್ಷಿ ಸಿನ್ಹಾ ಹೆಡ್‌ಫೋನ್ ತರಿಸಿದರೆ ಬಂದದ್ದು ಕಬ್ಬಿಣದ ತುಂಡು. 2024ರ ಜೂನ್‌ನಲ್ಲಿ ಬೆಂಗಳೂರಿನ ದಂಪತಿಗೆ ಬಂದ ಆಟದ ಸಾಧನದ ಪೆಟ್ಟಿಗೆಯ ಟೇಪಿಗೆ ಜೀವಂತ ನಾಗರಹಾವು ಅಂಟಿಕೊಂಡಿತ್ತು! ಚಿತ್ರ ತೆಗೆದಿದ್ದರಿಂದ ಲೋಕ ನಂಬಿತು. ನಿಮಗೂ ಹೀಗಾಗಬಹುದು. ಬೆಲೆಬಾಳುವ ಸಾಮಾನಾದರೆ ಚೀಟಿ, ಟೇಪು, ಆರೂ ಮೈ ಕಾಣುವಂತೆ ವಿಡಿಯೊ ಮಾಡಿಕೊಂಡೇ ಪೆಟ್ಟಿಗೆ ಒಡೆಯಿರಿ. ಸಾಧ್ಯವಾದರೆ ಒಡೆಯುವ ಮೊದಲು ತೂಗಿರಿ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಜಾಲತಾಣದವರು 48 ಗಂಟೆಯೊಳಗೆ ದೂರು ತಲುಪಿತೆಂದು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ನನ್ನ ಚಿಂತೆ ಈ ನಿಜವಾದ ದೂರುದಾರನದು. ಸುಳ್ಳು ಹೆಚ್ಚಿದಷ್ಟೂ ಅವನ ಮಾತಿನ ಬೆಲೆ ಕಡಿಮೆಯಾಗುತ್ತದೆ. ಇದನ್ನು ಕೆ.ಜಿ.ಎಫ್.ನವರಿಗೆ ವಿವರಿಸಿ ಹೇಳಬೇಕಾಗಿಲ್ಲ. ನನ್ನ ತಂದೆ ಗಣಿಯ ಕೆಳಗೆ ದುಡಿದವರು. ಯಾರೋ ಕೆಲವರು ಚಿನ್ನದ ಅದಿರು ಕದಿಯುತ್ತಿದ್ದರು ಎಂದು, ಪಾಳಿ ಮುಗಿಸಿ ಮೇಲೆ ಬಂದ ಪ್ರತಿಯೊಬ್ಬರನ್ನೂ ತಡಕುತ್ತಿದ್ದರು. 1930ರಲ್ಲಿ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕೆಂಬ ಕ್ರಮ ಬಂದಾಗ ಗಣಿ ಕಾರ್ಮಿಕರು ಕೆಲಸ ನಿಲ್ಲಿಸಿ ಪ್ರತಿಭಟಿಸಿದ್ದು ನಮ್ಮ ಊರಿನ ಚರಿತ್ರೆಯಲ್ಲಿದೆ. ತಂದೆ ಮನೆಗೆ ಬಂದು ಕೈಕಾಲು ತೊಳೆದು ಸ್ವಲ್ಪ ಹೊತ್ತು ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ದಣಿವೆಂದುಕೊಂಡಿದ್ದೆವು. "ದಿನಾ ಕಳ್ಳ ಅಲ್ಲ ಅಂತ ತೋರಿಸಿ ಬರಬೇಕಲ್ಲ" ಎಂದು ಒಮ್ಮೆ ಅಮ್ಮನಿಗೆ ಹೇಳಿದ್ದು ಕೇಳಿಸಿತ್ತು.

ಜುಲೈ ತಿಂಗಳಲ್ಲಿ ಒಂದು ದಿನ ತರಗತಿಗೆ ತಕ್ಕಡಿಯ ಜೊತೆ ಟೇಪ್ ಹಚ್ಚಿದ ಐದು ಪೆಟ್ಟಿಗೆ ಒಯ್ದೆ. ಮೂರರಲ್ಲಿ ಕೈವಾರ ಇದ್ದವು, ಒಂದು ಖಾಲಿ, ಒಂದರಲ್ಲಿ ಕೈವಾರದಷ್ಟೇ ತೂಕದ ಕಲ್ಲು. ಖಾಲಿಯದನ್ನು ಮಕ್ಕಳು ಕ್ಷಣದಲ್ಲಿ ಹಿಡಿದರು. ಕಲ್ಲಿನದನ್ನು ತಕ್ಕಡಿ ಹಿಡಿಯಲಿಲ್ಲ. ತೂಕ 'ಎಷ್ಟು' ಎಂದು ಹೇಳುತ್ತದೆ, 'ಏನು' ಎಂದು ಹೇಳುವುದಿಲ್ಲ. ಹಾಗಾದರೆ ಬೇರೇನು ಮಾಡಬಹುದು ಎಂದು ಕೇಳಿದ್ದಕ್ಕೆ ಅಲ್ಲಾಡಿಸಿ ಸದ್ದು ಕೇಳಿದರು, ಒಬ್ಬಳು ಅಯಸ್ಕಾಂತ ತಂದಳು. ಕೊನೆಗೆ ಬಂಗಾರಪೇಟೆಯ ಆ ಹುಡುಗಿಯ 560 ಮತ್ತು 90 ರೂಪಾಯಿಗಳ ಲೆಕ್ಕವನ್ನು ಹಲಗೆಯ ಮೇಲೆ ಬರೆದೆ. ಯಾರನ್ನೂ ನೋಡಿ ಹೇಳಲಿಲ್ಲ.

ಗಂಟೆ ಹೊಡೆದ ಮೇಲೆ ಒಬ್ಬ ಹುಡುಗ ಉಳಿದ. ತಕ್ಕಡಿ ಎತ್ತಿಕೊಡುವ ನೆಪ. "ಸಾರ್, ವಾಪಸ್ ಬಂದ ದುಡ್ಡನ್ನ ತಿರುಗಿ ಕೊಡೋಕೆ ಅದರಲ್ಲಿ ಬಟನ್ ಇದೆಯಾ?"

ಸಂಜೆ ಅವನ ಮನೆಗೆ ಹೋದೆ. ಟೀ ಅಂಗಡಿಯಲ್ಲಿ ನಕ್ಕದ್ದು ನನ್ನ ತಪ್ಪು ಎಂದು ಮೊದಲು ನಾನೇ ಹೇಳಿದೆ. ಖಾತೆ, ಮೊಬೈಲ್ ನಂಬರು, ಬ್ಯಾಂಕು ಎಲ್ಲ ತಂದೆಯ ಹೆಸರಿನಲ್ಲಿದ್ದವು. ಸುಳ್ಳು ದೂರು ದಾಖಲಾಗಿದ್ದೂ ಅವರ ಹೆಸರಿನಲ್ಲೇ. ಇದು ಅವರಿಗೆ ಹೊಳೆದಿರಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ನಿನಲ್ಲಿ, ವಂಚಿಸಿ ಸ್ವತ್ತು ಪಡೆದವರಿಗೆ ಏಳು ವರ್ಷದವರೆಗೆ ಶಿಕ್ಷೆ ಇದೆ ಎಂದಾಗ ಮನೆಯಾಕೆ ಒಳಗಿನಿಂದ ಬಂದು ನಿಂತರು. ಹೆದರಿಸಲು ಹೋದವನಲ್ಲ ನಾನು, ಆದರೂ ಹೇಳಬೇಕಾಯಿತು.

ಮೂವರೂ ಕುಳಿತು ಜಾಲತಾಣದ ಸಹಾಯ ಕೇಂದ್ರಕ್ಕೆ ಬರೆದೆವು. 'ಹಣ ಹಿಂತಿರುಗಿಸಬೇಕು' ಎಂದರೆ 'ನಿಮ್ಮ ಹಣ ಈಗಾಗಲೇ ಯಶಸ್ವಿಯಾಗಿ ಹಿಂತಿರುಗಿದೆ' ಎಂದು ಉತ್ತರ ಬಂತು. ಮತ್ತೆ ಬರೆದೆವು. ಮತ್ತೆ ಅದೇ. ನಾಲ್ಕನೆಯ ಸಲಕ್ಕೆ ಹುಡುಗನಿಗೂ ನಗು, ಅವನ ತಂದೆಗೂ ನಗು. ಕೊನೆಗೆ ಪೆಟ್ಟಿಗೆಯೊಳಗಿದ್ದ ಬಿಲ್ಲಿನಲ್ಲಿ ಮಾರಾಟಗಾರನ ಹೆಸರು, ವಿಳಾಸ ಸಿಕ್ಕಿತು. ಬೇರೆ ರಾಜ್ಯದ ಯಾವುದೋ ಸಣ್ಣ ಅಂಗಡಿ. ನಡೆದದ್ದನ್ನು ಹುಡುಗನೇ ತನ್ನ ಕೈಬರಹದಲ್ಲಿ ಇಂಗ್ಲಿಷಿನಲ್ಲಿ ಬರೆದ. ಹಣ ಯಾವ ಖಾತೆಗೆ ಹಾಕಬೇಕು ಎಂದು ತಿಳಿಸಿ ಎಂಬ ಕೊನೆಯ ಸಾಲನ್ನು ತಂದೆ ಸೇರಿಸಿ ಸಹಿ ಮಾಡಿದರು. ಇದನ್ನು ಹೆಸರಿಲ್ಲದೆ ಇಲ್ಲಿ ಬರೆಯಲು ಇಬ್ಬರೂ ಒಪ್ಪಿದ್ದಾರೆ.

ಮರುದಿನ ಸ್ಪೀಡ್ ಪೋಸ್ಟ್ ಮಾಡಿದರು. ಅಂಚೆ ಕಚೇರಿಯಲ್ಲಿ ಲಕೋಟೆಯನ್ನು ತೂಗಿ ರಸೀದಿ ಕೊಟ್ಟಿದ್ದಾರೆ. ಅದನ್ನು ಹುಡುಗ ತನ್ನ ವಿಜ್ಞಾನದ ನೋಟ್‌ಪುಸ್ತಕದಲ್ಲಿ ಅಂಟಿಸಿಕೊಂಡಿದ್ದಾನೆ: ತೂಕ 12 ಗ್ರಾಂ. 1,299 ರೂಪಾಯಿ ಅವರ ಮನೆಯ ಬೀರುವಿನಲ್ಲಿ ಬೇರೆಯಾಗಿ ಎತ್ತಿಟ್ಟಿದೆ. ಉತ್ತರ ಇನ್ನೂ ಬಂದಿಲ್ಲ.