ಪದವಿಚಾರ: ಟರ್ನ್‌ಪೈಕ್

ನಮ್ಮ ವಾಚಕರಾದ ಸೋದರಿಯೊಬ್ಬರು ಈ ತಿಂಗಳು ಒಂದು ಸಂದೇಹವನ್ನು ಬರೆದು ಕಳುಹಿಸಿರುವರು. ಇಂಗ್ಲೀಷು ಕಾದಂಬರಿಯೊಂದರಲ್ಲಿ ಅವರಿಗೆ ‘ಟರ್ನ್‌ಪೈಕ್’ ಎಂಬ ಮಾತು ದೊರೆಯಿತಂತೆ. ನಿಘಂಟಿನಲ್ಲಿ ‘ಸುಂಕದ ಬಾಗಿಲು’ ಎಂದು ಅರ್ಥ ಕೊಟ್ಟಿದೆ. ಅಮೆರಿಕದಲ್ಲಿರುವ ಮಗನಾದರೋ ಎರಡು ಗಂಟೆಯ ಕಾಲ ಟರ್ನ್‌ಪೈಕಿನ ಮೇಲೆ ಕಾರು ಓಡಿಸಿದೆನೆಂದು ತಿಳಿಸಿದ್ದಾನೆ. ಬಾಗಿಲ ಮೇಲೆ ಕಾರು ಓಡುವುದೆಂತು? ಎಂಬುದು ತಾಯಿಯ ಪ್ರಶ್ನೆ. ನಿಘಂಟೂ ಸುಳ್ಳಾಡಿಲ್ಲ, ಮಗನೂ ಸುಳ್ಳಾಡಿಲ್ಲವೆಂದು ಮೊದಲೇ ಹೇಳಿಬಿಡುತ್ತೇವೆ.

‘ಟರ್ನ್’ ಎಂದರೆ ತಿರುಗು. ‘ಪೈಕ್’ ಎಂದರೆ ಈಟಿ. ಕುದುರೆ ಸವಾರರು ಹಠಾತ್ತಾಗಿ ನುಗ್ಗದಂತೆ ದಾರಿಗೆ ಅಡ್ಡಲಾಗಿ ನಿಲ್ಲಿಸುತ್ತಿದ್ದ ಮೊನೆಗಳುಳ್ಳ ತಡೆಗೆ ಮೊದಲು ಈ ಹೆಸರಿದ್ದಿತು. ಹಣ ಕೊಟ್ಟವರಿಗೆ ಮಾತ್ರ ತೆರೆಯುವ ಬಾಗಿಲಿಗೆ ಆ ಹೆಸರು ಅಂಟಿದುದು ಅನಂತರದ ಮಾತು.

ಇಂಗ್ಲೆಂಡಿನಲ್ಲಿ ಬಹುಕಾಲ ಆಯಾ ಗ್ರಾಮದವರೇ ವರ್ಷಕ್ಕೆ ಕೆಲವು ದಿನ ಬಿಟ್ಟಿ ದುಡಿದು ರಸ್ತೆಗಳನ್ನು ದುರಸ್ತು ಮಾಡಬೇಕಾಗಿತ್ತು. ದೂರದ ಬಂಡಿಗಳು ಕೆಡಿಸಿದ ಹಾದಿಯನ್ನು ಊರವರು ಸರಿಪಡಿಸುವುದು ಯಾವ ನ್ಯಾಯ? ಆದುದರಿಂದ 1663ರಲ್ಲಿ ಪಾರ್ಲಿಮೆಂಟು ಉತ್ತರದ ಹೆದ್ದಾರಿಯ ಒಂದು ಭಾಗದಲ್ಲಿ, ರಸ್ತೆಯನ್ನು ಬಳಸುವವರಿಂದಲೇ ಸುಂಕವೆತ್ತಲು ಅನುಮತಿಯಿತ್ತಿತು. ಹದಿನೆಂಟನೆಯ ಶತಮಾನದಲ್ಲಿ ಟ್ರಸ್ಟುಗಳೆಂಬ ಮಂಡಲಿಗಳು ಹುಟ್ಟಿ, ಸಾಲ ತಂದು, ರಸ್ತೆ ಹಾಕಿಸಿ, ಕಟ್ಟೆಗಳನ್ನಿಟ್ಟುವು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ 20,000 ಮೈಲಿಗೂ ಮಿಕ್ಕ ರಸ್ತೆಯು ಇವುಗಳ ವಶದಲ್ಲಿದ್ದಿತು. ಕಾಲ್ನಡೆಯವರಿಗೆ ಸುಂಕವಿರಲಿಲ್ಲ. ಟಪ್ಪಾಲು ಗಾಡಿಗೂ ವಿನಾಯಿತಿ. ಅದರ ಕಹಳೆ ಕೇಳಿದೊಡನೆ ಕಾವಲುಗಾರನು ನಡುರಾತ್ರಿಯಲ್ಲಾದರೂ ಎದ್ದು ಬಾಗಿಲು ತೆರೆಯಬೇಕಾಗಿತ್ತು.

ಸುಂಕವೆತ್ತುವ ಹಕ್ಕನ್ನು ಹರಾಜಿನಲ್ಲಿ ಗುತ್ತಿಗೆ ಕೊಡುತ್ತಿದ್ದರು. ಗುತ್ತಿಗೆದಾರನ ಕಣ್ಣು ರಸ್ತೆಯ ಮೇಲಲ್ಲ, ಹಣದ ಮೇಲೆ. ವೇಲ್ಸಿನ ಬಡರೈತರು ಹೊಲಕ್ಕೆ ಸುಣ್ಣ ತರುವಾಗ ಒಂದರ ಮೇಲೊಂದು ಕಟ್ಟೆಯಲ್ಲಿ ತೆರಬೇಕಾಯಿತು. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ನಮ್ಮ ಗಾದೆ ಅವರಿಗೂ ಸಲ್ಲುತ್ತಿತ್ತು. 1839ರಿಂದ 1843ರ ವರೆಗೆ ಅಲ್ಲಿನ ಗಂಡಸರು ಹೆಂಗಸರ ಉಡುಪು ತೊಟ್ಟು, ಮುಖಕ್ಕೆ ಮಸಿ ಬಳಿದು, ‘ರೆಬೆಕ್ಕಳ ಮಕ್ಕಳು’ ಎಂಬ ಹೆಸರಿನಿಂದ ರಾತ್ರಿಯಲ್ಲಿ ಬಾಗಿಲುಗಳನ್ನು ಕಡಿದುರುಳಿಸಿದರು. ಶತ್ರುಗಳ ಬಾಗಿಲು ರೆಬೆಕ್ಕಳ ಸಂತತಿಗೆ ವಶವಾಗಲೆಂಬ ಬೈಬಲಿನ ಹರಕೆಯೇ ಆ ಹೆಸರಿಗೆ ಮೂಲ. 1843ರಲ್ಲಿ ಹೆಂಡಿ ಎಂಬಲ್ಲಿ ಕಟ್ಟೆ ಕಾಯುತ್ತಿದ್ದ ಸಾರಾ ವಿಲಿಯಮ್ಸ್ ಎಂಬ ವೃದ್ಧೆಯು ಈ ಗಲಭೆಗೆ ಬಲಿಯಾದಳು. ಗುತ್ತಿಗೆದಾರನ ಆಸೆಗೆ ಆ ಮುದುಕಿಯ ಪ್ರಾಣ ಬೆಲೆಯಾಯಿತು. ಮರುವರ್ಷವೇ ಸರ್ಕಾರವು ದಕ್ಷಿಣ ವೇಲ್ಸಿನ ರಸ್ತೆಗಳನ್ನು ಜಿಲ್ಲಾ ಮಂಡಲಿಗಳಿಗೆ ಒಪ್ಪಿಸಿ, ಸುಂಕವನ್ನು ಇಳಿಸಿತು. ಬ್ರಿಟನ್ನಿನ ಕೊನೆಯ ಟ್ರಸ್ಟು 1895ರಲ್ಲಿ ಮುಗಿಯಿತು.

ಇನ್ನು ಮಗನ ಮಾತು. ‘ಟರ್ನ್‌ಪೈಕ್ ರೋಡ್’ ಎಂಬುದನ್ನು ಜನರು ಬಾಯಿ ಸವೆದಂತೆ ‘ಟರ್ನ್‌ಪೈಕ್’ ಎಂದೂ, ಬರಿಯ ‘ಪೈಕ್’ ಎಂದೂ ಮೊಟಕು ಮಾಡಿದರು. ಹೀಗೆ ಬಾಗಿಲಿನ ಹೆಸರು ದಾರಿಗೆ ಬಂದಿತು. ಅಮೆರಿಕದಲ್ಲಿ ಫಿಲಡೆಲ್ಫಿಯಾದಿಂದ ಲ್ಯಾಂಕಾಸ್ಟರಿಗೆ 1790ರ ದಶಕದಲ್ಲಿ ಹಾಕಿದ 62 ಮೈಲಿಯ ರಸ್ತೆಗೂ, 1940ರಲ್ಲಿ ತೆರೆದ ಪೆನ್ಸಿಲ್ವೇನಿಯಾದ ಮೋಟಾರು ಹೆದ್ದಾರಿಗೂ ಇದೇ ಹೆಸರು. ಆ ಹೆದ್ದಾರಿಯಲ್ಲಿ 2020ರಿಂದ ನಗದು ವಸೂಲಿಯೂ ನಿಂತಿದೆ. ಯಂತ್ರವೇ ಗಾಡಿಯನ್ನು ಗುರುತಿಸಿ ಲೆಕ್ಕ ಬರೆಯುತ್ತದೆ. ಈಟಿ ಹೋಯಿತು, ಕಾವಲುಗಾರ ಹೋದ, ಹೆಸರು ಮಾತ್ರ ನಿಂತಿದೆ.

ಆದುದರಿಂದ ಹಳೆಯ ಇಂಗ್ಲೀಷು ಕಥೆಗಳಲ್ಲಿ ಈ ಪದ ಬಂದರೆ ‘ಸುಂಕದ ಕಟ್ಟೆ’ ಎಂದೂ, ಅಮೆರಿಕದ ಬರಹದಲ್ಲಿ ಬಂದರೆ ‘ಸುಂಕದ ಹೆದ್ದಾರಿ’ ಎಂದೂ ತಿಳಿಯತಕ್ಕದ್ದು. ‘ಟೋಲ್’ ಎಂಬುದು ತೆರುವ ಹಣವೇ ಹೊರತು ಕಟ್ಟೆಯಲ್ಲ.

ನಮ್ಮ ಹೆದ್ದಾರಿಗಳಲ್ಲಿಯೂ ಈಗ ಗಾಜಿಗಂಟಿಸಿದ ಫಾಸ್ಟ್ಯಾಗಿನಿಂದ ಹಣವು ಕಾಣದಂತೆ ಸಂದಾಯವಾಗುತ್ತದೆ. ಹಣವು ಕಾಣದಿದ್ದರೂ ಚಿಂತೆಯಿಲ್ಲ, ಅದರಿಂದಾದ ರಸ್ತೆಯು ಕಾಣಬೇಕು. ವೇಲ್ಸಿನ ರೈತನು ಕೇಳಿದುದೂ ಇಷ್ಟನ್ನೇ.